ಹೊಸ್ತಿಲಲ್ಲಿ ನಿಂತ ಮಧ್ಯವರ್ತಿ

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂದು ಗಾದೆ ಕಟ್ಟಿದ ನಮ್ಮ ಹಿರಿಯರು ವರ್ಗಾವಣೆಯಾಗುವ ನೌಕರಿಯಲ್ಲಿ ಇದ್ದವರಲ್ಲವೆಂದು ತೋರುತ್ತದೆ. ಇದ್ದಿದ್ದರೆ “ಬಾಡಿಗೆಗೆ ಮನೆ ಹುಡುಕಿ ನೋಡು” ಎಂಬ ಮೂರನೆಯ ಮಾತನ್ನು ಅದಕ್ಕೆ ಸೇರಿಸದೆ ಬಿಡುತ್ತಿರಲಿಲ್ಲ.

ನಾನು ಅಧ್ಯಾಪಕನಾಗಿ ಚನ್ನಗಿರಿಗೆ ಬಂದಿಳಿದ ದಿನ ಜಡಿಮಳೆ ಹಿಡಿದಿತ್ತು. ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಕಾಫಿ ಕುಡಿಯುತ್ತ, ಈ ಊರಿನಲ್ಲಿ ಬಾಡಿಗೆಗೆ ಮನೆ ಸಿಕ್ಕೀತೆ ಎಂದು ವಿಚಾರಿಸಿದೆ. ಗಲ್ಲಾದ ಮುಂದೆ ಕುಳಿತಿದ್ದವರು ಮೂಲೆಯ ಮೇಜಿನತ್ತ ಕೈ ತೋರಿಸಿ, “ಅವರನ್ನು ಕೇಳಿ. ಊರಿನ ಬೀಗದ ಕೈಗಳೆಲ್ಲ ಅವರ ಜೇಬಿನಲ್ಲೇ ಇವೆ” ಎಂದರು. ಅಲ್ಲಿ ಕುಳಿತಿದ್ದವರಿಗೆ ಐವತ್ತರ ಮೇಲೆ ವಯಸ್ಸು. ಮಡಿಸಿದ ಬಿಳಿಯ ಅಂಗಿಯ ತೋಳು, ಕೈಯಲ್ಲೊಂದು ಛತ್ರಿ, ಜೇಬಿನಲ್ಲಿ ಎರಡು ಮೊಬೈಲು. ಐದೇ ನಿಮಿಷದಲ್ಲಿ ನನ್ನನ್ನು ತಮ್ಮ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟರು.

ಒಂದು ಗಂಟೆಯೊಳಗೆ ಮೂರು ಮನೆ ನೋಡಿದೆವು. ಯಾವ ಬೀದಿಗೆ ಎಷ್ಟು ದಿನಕ್ಕೊಮ್ಮೆ ನಲ್ಲಿ ಬರುತ್ತದೆ, ಯಾವ ಮನೆಯ ಹಿತ್ತಲಿಗೆ ಮಳೆಗಾಲದಲ್ಲಿ ಚರಂಡಿಯ ನೀರು ನುಗ್ಗುತ್ತದೆ, ಯಾವ ಯಜಮಾನರು ಒಂದನೆಯ ತಾರೀಖಿಗೇ ಬಾಗಿಲು ತಟ್ಟುತ್ತಾರೆ—ಎಲ್ಲವನ್ನೂ ಅವರು ಮುಚ್ಚುಮರೆಯಿಲ್ಲದೆ ಹೇಳಿದರು. ಅವರ ತಿಳಿವಳಿಕೆಗೆ ನಾನು ಬೆರಗಾದೆನೆಂದೇ ಹೇಳಬೇಕು. ಮೂರನೆಯ ಮನೆ ನನಗೆ ಒಪ್ಪಿಗೆಯಾಯಿತು. ಬೀಗದ ಕೈಯನ್ನು ಕೊಡಲು ಕೈ ಚಾಚಿದವರು ಅರ್ಧದಲ್ಲಿ ನಿಲ್ಲಿಸಿ, ದನಿ ತಗ್ಗಿಸಿ ಕೇಳಿದರು:

“ತಪ್ಪು ತಿಳೀಬೇಡಿ ಮೇಷ್ಟ್ರೇ. ತಾವು ಯಾವ ಜನ?”

ನಾನು ಹೇಳಿದೆ. ಏನು ಹೇಳಿದೆನೆಂಬುದು ಇಲ್ಲಿ ಮುಖ್ಯವಲ್ಲ, ಹೇಳಿದೆನೆಂಬುದೇ ಮುಖ್ಯ. ಅವರ ಮುಖ ಅರಳಿತು. ಬೀಗದ ಕೈ ನನ್ನ ಕೈಗೆ ಬಂತು.

ಮರುವರ್ಷ ನಮ್ಮ ಕಾಲೇಜಿಗೆ ಇತಿಹಾಸದ ಅಧ್ಯಾಪಕರೊಬ್ಬರು ಬಂದರು. ನನ್ನದೇ ವಯಸ್ಸು, ನನ್ನದೇ ಸಂಬಳ. ಹೆಂಡತಿ, ಒಂದು ಪುಟ್ಟ ಮಗು. ನಾನು ಬಹಳ ಧೈರ್ಯದಿಂದ ಅವರನ್ನು ಅದೇ ಮಧ್ಯವರ್ತಿಯ ಬಳಿಗೆ ಕರೆದೊಯ್ದೆ. ನನ್ನ ಮನೆಯ ಪಕ್ಕದ ಭಾಗವೇ ಖಾಲಿಯಿತ್ತು. ಮನೆ ನೋಡಿ ಆಯಿತು, ಬಾಡಿಗೆ ಮಾತನಾಡಿ ಆಯಿತು. ಮತ್ತೆ ಅದೇ ಪ್ರಶ್ನೆ. ನನ್ನ ಮಿತ್ರರೂ ಇದ್ದುದನ್ನು ಇದ್ದಂತೆಯೇ ಹೇಳಿದರು. ಮಧ್ಯವರ್ತಿ ಒಂದು ಕ್ಷಣ ಮೊಬೈಲನ್ನು ನೋಡಿ, “ಅಯ್ಯೋ, ಇದಕ್ಕೆ ನಿನ್ನೆಯೇ ಅಡ್ವಾನ್ಸ್ ಬಂದುಬಿಟ್ಟಿದೆ ಸಾರ್. ಹೇಳೋದನ್ನೇ ಮರೆತೆ” ಎಂದರು.

ನನ್ನ ಮಿತ್ರರು ಮೂರು ವಾರ ಲಾಡ್ಜಿನಲ್ಲಿದ್ದರು. ‘ಅಡ್ವಾನ್ಸ್ ಬಂದ’ ಆ ಮನೆಗೆ ಮೂರು ತಿಂಗಳು ಬೀಗವೇ ತೂಗುತ್ತಿತ್ತು. ದಿನವೂ ಎರಡು ಹೊತ್ತು ಆ ಬೀಗದ ಮುಂದೆ ನಾನು ಓಡಾಡಬೇಕಾಗಿತ್ತು. ಬಂದವನನ್ನು ಯಾರವನೆಂದು ವಿಚಾರಿಸದೆ ಮನೆಯ ಮಗನೆಂದೇ ಎಣಿಸಬೇಕೆಂಬ ಬಸವಣ್ಣನವರ ವಚನವನ್ನು ವರ್ಷವರ್ಷವೂ ತರಗತಿಯಲ್ಲಿ ವಿವರಿಸುವವನು ನಾನು. ಆ ಪ್ರಶ್ನೆಗೆ ಉತ್ತರ ಕೊಟ್ಟು ಬೀಗದ ಕೈ ಪಡೆದವನೂ ನಾನೇ.

ಒಂದು ಸಂಜೆ ಮನಸ್ಸು ತಡೆಯದೆ ಮಧ್ಯವರ್ತಿಯನ್ನೇ ಕೇಳಿದೆ. ಅವರು ಕೋಪಿಸಿಕೊಳ್ಳಲಿಲ್ಲ. “ಮನೆ ನನ್ನದೇ ಮೇಷ್ಟ್ರೇ? ಯಜಮಾನರು ಹೇಳಿದ್ದನ್ನು ನಾನು ನಡೆಸ್ತೀನಿ. ನನಗೆ ಸಿಗೋದು ಒಂದು ತಿಂಗಳ ಬಾಡಿಗೆ. ಅವರ ಮಾತು ಮೀರಿದರೆ ನಾಳೆ ಬೀಗದ ಕೈ ಇನ್ನೊಬ್ಬನ ಜೇಬಿಗೆ ಹೋಗುತ್ತೆ” ಎಂದರು. ಮಾತಿನಲ್ಲಿ ಕಪಟವಿರಲಿಲ್ಲ. ಇದರಲ್ಲಿ ತಪ್ಪೇನಿದೆಯೆಂದು ಅವರಿಗೆ ಯಾರೂ ಎಂದೂ ಕಲಿಸಿರಲಿಲ್ಲ, ಅಷ್ಟೆ.

ಆ ಕಲಿಕೆಯ ವಿಚಾರವಾಗಿಯೇ ಈ ಲೇಖನ.

ನಾಲ್ಕು ತಾಲ್ಲೂಕುಗಳ ನೆಲ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು—ಇವು ದಾವಣಗೆರೆ ಜಿಲ್ಲೆಯ ನಾಲ್ಕು ತಾಲ್ಲೂಕುಗಳು. ೧೯೯೭ರ ಆಗಸ್ಟ್ ೧೫ರಂದು ಜಿಲ್ಲೆ ಹುಟ್ಟಿದಾಗ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದು ಸೇರಿದವು. ಹೊನ್ನಾಳಿಯ ಮಡಿಲಲ್ಲೇ ಇದ್ದ ನ್ಯಾಮತಿ ೨೦೧೮ರಲ್ಲಿ ಬೇರೆ ತಾಲ್ಲೂಕಾಯಿತು.

ನಾಲ್ಕರ ನೆಲವೂ ನಾಲ್ಕು ಬಗೆ. ಚನ್ನಗಿರಿಯದು ಸೂಳೆಕೆರೆಯ ಸೀಮೆ, ಅಡಿಕೆಯ ತೋಟಗಳ ಸೀಮೆ. ಇಲ್ಲಿ ಅಡಿಕೆಯ ಹಣ ಪೇಟೆಯಲ್ಲೊಂದು ನಿವೇಶನವಾಗಿ ಮಾರ್ಪಡುವುದು ಸಾಮಾನ್ಯ. ಹೊನ್ನಾಳಿ ತುಂಗಭದ್ರೆಯ ದಂಡೆಯ ಊರು. ಶಿವಮೊಗ್ಗಕ್ಕೂ ಹರಿಹರಕ್ಕೂ ನಡುವಣ ಹೆದ್ದಾರಿಯ ಇಕ್ಕೆಲದ ಭೂಮಿಗೆ ಅಲ್ಲಿ ಬೇಡಿಕೆ. ನ್ಯಾಮತಿ ತಾಲ್ಲೂಕಾದ ಮೇಲೆ ಕಚೇರಿಗಳು ಬಂದವು, ಕಚೇರಿಗಳ ಹಿಂದೆ ನೌಕರರು ಬಂದರು, ನೌಕರರಿಗೆ ಮನೆ ಬೇಕಾಯಿತು. ಜಗಳೂರು ಮಳೆಗೆ ಮುಖವೆತ್ತಿ ಕುಳಿತ ಬಯಲುಸೀಮೆ. ಅಲ್ಲಿ ೫೭ ಕೆರೆಗಳಿಗೆ ತುಂಗಭದ್ರೆಯ ನೀರು ತುಂಬಿಸುವ ಯೋಜನೆಯ ಮಾತೆದ್ದ ಮೇಲೆ ಬರಡು ನೆಲವನ್ನು ನೋಡುವ ಕಣ್ಣೇ ಬೇರೆಯಾಯಿತು.

ನೆಲಕ್ಕೆ ಬೆಲೆ ಬಂದೆಡೆ ದಲ್ಲಾಳಿಯೂ ಬರುತ್ತಾನೆ. ನಮ್ಮ ಊರುಗಳ ದಲ್ಲಾಳಿ ಪೂರ್ಣಾವಧಿಯ ವೃತ್ತಿಗಾರನಾಗಿರುವುದು ವಿರಳ. ಒಬ್ಬರು ಪತ್ರ ಬರಹಗಾರರ ಬಳಿ ಕೆಲಸ ಮಾಡಿದವರು. ಇನ್ನೊಬ್ಬರು ಅಡಿಕೆ ಮಂಡಿಯಲ್ಲಿದ್ದವರು. ಮತ್ತೊಬ್ಬರು ಆಟೋ ಓಡಿಸುತ್ತ ಖಾಲಿ ಮನೆಗಳ ಲೆಕ್ಕವಿಟ್ಟವರು. ಊರಿನ ಪರಿಚಯವೇ ಇವರ ಬಂಡವಾಳ, ಮಾತೇ ಇವರ ಉಪಕರಣ. ಔಷಧ ಮಾರುವವನಿಗೆ ವಿದ್ಯಾರ್ಹತೆ ಬೇಕು, ಬಸ್ಸು ನಡೆಸುವವನಿಗೆ ಪರವಾನಗಿ ಬೇಕು, ಮಕ್ಕಳಿಗೆ ಕಾಗುಣಿತ ಕಲಿಸುವವನಿಗೆ ತರಬೇತಿ ಬೇಕು. ಒಂದು ಸಂಸಾರದ ಇಪ್ಪತ್ತು ವರ್ಷದ ಉಳಿತಾಯವನ್ನು ಒಂದು ಸಹಿಯ ಕಡೆಗೆ ನಡೆಸಿಕೊಂಡು ಹೋಗುವವನಿಗೆ ಏನೂ ಬೇಡವೆಂದರೆ ಅದು ನ್ಯಾಯವೆ?

ಕಾಗದದ ಧರ್ಮ

ಏನೂ ಬೇಡವೆಂದು ಕಾಯಿದೆಯೇನೂ ಹೇಳುವುದಿಲ್ಲ. ಜನರ ಬಾಯಲ್ಲಿ ‘ರೇರಾ’ ಎಂದು ಹೆಸರಾದ ಸ್ಥಿರಾಸ್ತಿ (ನಿಯಂತ್ರಣ ಮತ್ತು ಅಭಿವೃದ್ಧಿ) ಕಾಯಿದೆ ೨೦೧೬ರಲ್ಲಿ ಬಂತು. ೨೦೧೭ರ ಮೇ ೧ರಿಂದ ಪೂರ್ಣವಾಗಿ ಜಾರಿಯಾಯಿತು. ನಮ್ಮ ರಾಜ್ಯದ ನಿಯಮಗಳು ಅದೇ ವರ್ಷದ ಜುಲೈಯಲ್ಲಿ ಹೊರಟವು. ಇದು ಬೆಂಗಳೂರಿನ ಗಗನಚುಂಬಿ ಕಟ್ಟಡಗಳಿಗೆ ಮಾತ್ರ ಸಂಬಂಧಿಸಿದ್ದೆಂಬ ಭಾವನೆ ಹಲವರಲ್ಲಿದೆ. ಲೆಕ್ಕ ಹಾಕಿ ನೋಡೋಣ. ಯೋಜನಾ ಪ್ರದೇಶದೊಳಗೆ ೫೦೦ ಚದರ ಮೀಟರಿಗಿಂತ ಹೆಚ್ಚಿನ ಭೂಮಿಯಲ್ಲಿ ಬಡಾವಣೆ ಮಾಡಿ ನಿವೇಶನ ಮಾರುವುದಾದರೆ ಅದನ್ನು ಮೊದಲು ಪ್ರಾಧಿಕಾರದಲ್ಲಿ ನೋಂದಾಯಿಸಬೇಕು. ೫೦೦ ಚದರ ಮೀಟರ್ ಎಂದರೆ ನಮ್ಮ ಅಳತೆಯಲ್ಲಿ ಐದು ಗುಂಟೆಗೂ ತುಸು ಕಡಿಮೆ. ಮೂವತ್ತು ನಲವತ್ತರ ನಿವೇಶನಗಳಾದರೆ ನಾಲ್ಕೂವರೆಯಷ್ಟು. ಹೀಗಾಗಿ ಒಂದೇ ಎಕರೆಯ ಬಡಾವಣೆಯಾದರೂ ಈ ಕಾಯಿದೆಯ ಮಿತಿಯನ್ನು ಎಂಟು ಪಾಲು ದಾಟುತ್ತದೆ.

ಅಂಥ ನಿವೇಶನವನ್ನು ಮಾರಿಸಿಕೊಡುವ ಮಧ್ಯವರ್ತಿಯೂ ನೋಂದಾಯಿತನಾಗಿರಬೇಕು. ನೋಂದಣಿಯಾಗದ ಬಡಾವಣೆಯ ನಿವೇಶನವನ್ನು ಅವನು ಮಾರಿಸಕೂಡದು, ಲೆಕ್ಕಪತ್ರಗಳನ್ನು ಇಡಬೇಕು, ಇಲ್ಲದ ಮಂಜೂರಾತಿಯನ್ನು ಇದೆಯೆಂದೂ ಬಾರದ ಸೌಕರ್ಯವನ್ನು ಬರುತ್ತದೆಯೆಂದೂ ಹೇಳಬಾರದು, ಕೊಳ್ಳುವವನು ಕೇಳುವ ಹಕ್ಕುಳ್ಳ ಎಲ್ಲ ಕಾಗದಗಳೂ ಅವನ ಕೈ ಸೇರಲು ನೆರವಾಗಬೇಕು. ತಪ್ಪಿದರೆ ದಿನಕ್ಕೆ ೧೦,೦೦೦ ರೂಪಾಯಿನಂತೆ, ಆ ನಿವೇಶನದ ಬೆಲೆಯ ಶೇಕಡ ೫ರವರೆಗೂ ದಂಡ ಬೆಳೆಯಬಹುದು. ಬೆಲೆಯ ಶೇಕಡ ೧೦ಕ್ಕಿಂತ ಹೆಚ್ಚು ಮುಂಗಡವನ್ನು, ಲಿಖಿತ ಕರಾರು ಮಾಡಿ ನೋಂದಾಯಿಸುವ ಮೊದಲು, ಬಡಾವಣೆಗಾರ ಪಡೆಯಬಾರದೆಂಬ ನಿಯಮವೂ ಇದೆ. “ನಾಳೆ ದರ ಏರುತ್ತೆ, ಇವತ್ತೇ ಅರ್ಧ ಹಣ ಕಟ್ಟಿಬಿಡಿ” ಎಂದು ಅವಸರಪಡಿಸುವ ದಲ್ಲಾಳಿ ತನಗರಿವಿಲ್ಲದೆಯೇ ಕಾನೂನಿನ ಗೆರೆಯನ್ನು ದಾಟಿಸುತ್ತಿರುತ್ತಾನೆ.

ಆದರೆ ನಮ್ಮ ಸೀಮೆಯ ನಿಜವಾದ ಕಷ್ಟವಿರುವುದು ಇನ್ನೂ ಕೆಳಗೆ, ನೆಲದ ಹುಟ್ಟಿನಲ್ಲಿ. ಹೊಲವೊಂದು ನಿವೇಶನವಾಗಬೇಕಾದರೆ ಮೊದಲು ಭೂಪರಿವರ್ತನೆಯಾಗಬೇಕು. ೧೯೬೪ರ ಭೂಕಂದಾಯ ಕಾಯಿದೆ ಇದನ್ನು ವಿಧಿಸುತ್ತದೆ. ಬಳಿಕ ವಿನ್ಯಾಸಕ್ಕೆ ಮಂಜೂರಾತಿ, ಆಮೇಲೆ ಖಾತೆ. ಇದಾವುದೂ ಇಲ್ಲದೆ ಹೊಲದ ಬದುವಿನ ಮೇಲೆ ಸುಣ್ಣದ ಗೆರೆ ಎಳೆದು, ನಾಲ್ಕು ಕಲ್ಲು ನೆಟ್ಟು, ಬಣ್ಣದ ಕಮಾನು ಕಟ್ಟಿ ‘ರೆವಿನ್ಯೂ ಸೈಟ್’ ಎಂಬ ಹೆಸರಿನಿಂದ ಮಾರುವ ಪರಿಪಾಠ ಎಲ್ಲ ಕಡೆಯೂ ಉಂಟು. ಕೊಂಡ ಸಂಸಾರಕ್ಕೆ ಬ್ಯಾಂಕಿನ ಸಾಲ ಸಿಗದು, ಮನೆ ಕಟ್ಟಲು ಪರವಾನಗಿ ಸಿಗದು. ಸಿಗುವುದೊಂದೇ, ದಲ್ಲಾಳಿಯ “ಆಗುತ್ತೆ, ಆಗುತ್ತೆ” ಎಂಬ ಸಮಾಧಾನ.

ಇದಕ್ಕಿಂತ ಸೂಕ್ಷ್ಮವಾದುದು ಮಂಜೂರಾದ ಜಮೀನುಗಳ ವಿಷಯ. ಭೂಮಿಯಿಲ್ಲದ ಪರಿಶಿಷ್ಟ ಜಾತಿ, ಪಂಗಡಗಳ ಕುಟುಂಬಗಳಿಗೆ ಸರ್ಕಾರ ಕೊಟ್ಟ ಜಮೀನು ಕೈತಪ್ಪಿ ಹೋಗಬಾರದೆಂದು ೧೯೭೮ರಲ್ಲಿ ಕರ್ನಾಟಕ ಒಂದು ಕಾಯಿದೆ ಮಾಡಿತು. ಕಚೇರಿಗಳಲ್ಲಿ ಅದಕ್ಕೆ ‘ಪಿ.ಟಿ.ಸಿ.ಎಲ್.’ ಎಂದು ಹೆಸರು. ಸರ್ಕಾರದ ಪೂರ್ವಾನುಮತಿಯಿಲ್ಲದೆ ಅಂಥ ಜಮೀನನ್ನು ಕೊಂಡರೆ ಆ ಕ್ರಯವೇ ಅಸಿಂಧು. ಜಮೀನು ಮೂಲ ಮಂಜೂರಾತಿದಾರರಿಗೆ ಅಥವಾ ಅವರ ವಾರಸುದಾರರಿಗೆ ಮರಳಬೇಕು. ಸುಪ್ರೀಂ ಕೋರ್ಟು ೧೯೮೪ರಲ್ಲಿ ಈ ಕಾಯಿದೆಯನ್ನು ಎತ್ತಿಹಿಡಿಯಿತು. ಮರಳಿ ಕೇಳುವವರು ನ್ಯಾಯಸಮ್ಮತವಾದ ಕಾಲಾವಧಿಯೊಳಗೆ ಕೇಳಬೇಕೆಂದು ೨೦೧೭ರಲ್ಲಿ ಅದೇ ಕೋರ್ಟು ಹೇಳಿದ ಬಳಿಕ, ಕಾಲಮಿತಿಯ ತೊಡಕನ್ನು ನಿವಾರಿಸಲು ೨೦೨೩ರಲ್ಲಿ ರಾಜ್ಯವು ತಿದ್ದುಪಡಿ ತಂದಿತು.

ಇಂಥ ಜಮೀನಿನ ಪೂರ್ವೋತ್ತರವನ್ನು ಬಲ್ಲವನು ಊರಿನ ದಲ್ಲಾಳಿಯೇ. ಅವನು ಅದನ್ನು ನುಂಗಿಕೊಂಡು ಕ್ರಯ ಮಾಡಿಸಿದರೆ ಎರಡು ಮನೆಗಳಿಗೆ ಅನ್ಯಾಯವಾಗುತ್ತದೆ. ಕಾನೂನು ಕೊಟ್ಟ ಆಸರೆಯನ್ನು ಅರಿಯದೆ ಅಗ್ಗಕ್ಕೆ ಮಾರಿದ ಬಡ ಮನೆ ಒಂದು. ಹೆಂಡತಿಯ ಒಡವೆ ಅಡವಿಟ್ಟು ಕೊಂಡ ನೌಕರನ ಮನೆ ಇನ್ನೊಂದು. ಹತ್ತು ವರ್ಷದ ಬಳಿಕ ಉಪವಿಭಾಗಾಧಿಕಾರಿಗಳ ಕಚೇರಿಯಲ್ಲಿ ಇವರಿಬ್ಬರೂ ಎದುರುಬದರಾಗಿ ನಿಲ್ಲುತ್ತಾರೆ. ಇಬ್ಬರನ್ನೂ ಕೂಡಿಸಿದವನು ಮಾತ್ರ ಅಲ್ಲಿ ಕಾಣಿಸುವುದಿಲ್ಲ.

ಬಾಗಿಲಿನ ಧರ್ಮ

ಕಾಗದದ ಧರ್ಮಕ್ಕೆ ಇಷ್ಟಾದರೂ ಕಾವಲಿದೆ. ಬಾಗಿಲಿನ ಧರ್ಮಕ್ಕೆ? ರೇರಾ ಕಾಯಿದೆ ಮಾರಾಟದ ಕಾಯಿದೆ. ಬಾಡಿಗೆಯ ಗೊಡವೆ ಅದಕ್ಕಿಲ್ಲ. ೧೯೯೯ರ ಕರ್ನಾಟಕ ಬಾಡಿಗೆ ಕಾಯಿದೆಯು ತನ್ನ ವ್ಯಾಪ್ತಿಯ ಊರುಗಳಲ್ಲಿ ಬಾಡಿಗೆಯ ಮಧ್ಯವರ್ತಿಗಳೂ ನೋಂದಾಯಿಸಿಕೊಳ್ಳಬೇಕೆಂದು ಹೇಳುತ್ತದೆ; ಆದರೆ ಯಾರಿಗೆ ಮನೆ ನಿರಾಕರಿಸಬಾರದು ಎಂಬ ಪ್ರಶ್ನೆ ಅದರ ಮುಖ್ಯ ಕಾಳಜಿಯಲ್ಲ.

ಸಂವಿಧಾನದ ೧೫ನೆಯ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆಗಳನ್ನು ಹೆಸರಿಸಿ, ಅಲ್ಲಿ ಜಾತಿ ಮತಗಳ ಕಾರಣದಿಂದ ಯಾರನ್ನೂ ತಡೆಯಕೂಡದೆಂದಿತು. ಬಾಡಿಗೆಯ ಮನೆ ಆ ಪಟ್ಟಿಯಲ್ಲಿಲ್ಲ. ಹಾಗೆಂದು ಬಾಗಿಲು ಪೂರ್ತಿ ಮುಚ್ಚಿದೆಯೆಂದು ತಿಳಿಯಬಾರದು. ೧೭ನೆಯ ವಿಧಿ ಅಸ್ಪೃಶ್ಯತೆಯನ್ನೇ ಅಳಿಸಿಹಾಕಿತು. ಅದನ್ನು ಅನುಸರಿಸಿ ಬಂದ, ಈಗ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆ ಎಂದು ಹೆಸರುಳ್ಳ ೧೯೫೫ರ ಕಾಯಿದೆಯ ೪ನೆಯ ಪ್ರಕರಣ, ಯಾವುದೇ ಬಡಾವಣೆಯಲ್ಲಿ ವಾಸದ ಮನೆಯನ್ನು ಕಟ್ಟುವುದಕ್ಕೆ, ಪಡೆಯುವುದಕ್ಕೆ, ಅದರಲ್ಲಿ ವಾಸಿಸುವುದಕ್ಕೆ ಅಸ್ಪೃಶ್ಯತೆಯ ಕಾರಣದಿಂದ ಅಡ್ಡಿ ಮಾಡುವುದನ್ನು ಅಪರಾಧವೆಂದು ಸಾರುತ್ತದೆ; ಜೈಲುಶಿಕ್ಷೆಯೂ ದಂಡವೂ ಉಂಟು. ಅದೇ ಕಾಯಿದೆಯ ೧೦ನೆಯ ಪ್ರಕರಣದ ಪ್ರಕಾರ ಇಂಥ ಅಪರಾಧಕ್ಕೆ ಕುಮ್ಮಕ್ಕು ಕೊಟ್ಟವನಿಗೂ ಅದೇ ಶಿಕ್ಷೆ.

“ಮನೆ ನನ್ನದೇ?” ಎಂಬ ನಮ್ಮ ಮಧ್ಯವರ್ತಿಯ ಸಮಾಧಾನ ಇಲ್ಲಿ ಕುಸಿದುಬೀಳುತ್ತದೆ. ಮನೆ ಅವನದಲ್ಲ, ದಿಟ. ಆದರೆ ಪ್ರಶ್ನೆ ಅವನ ಬಾಯಿಯದು, “ಅಡ್ವಾನ್ಸ್ ಬಂದುಬಿಟ್ಟಿದೆ” ಎಂಬ ಸುಳ್ಳೂ ಅವನದೇ.

ಇನ್ನೂ ಎರಡು ಕಾಯಿದೆಗಳನ್ನು ಇಲ್ಲಿ ನೆನೆಯಬೇಕು. ಎಚ್.ಐ.ವಿ. ಸೋಂಕಿತರಿಗೆ ಸಂಬಂಧಿಸಿದ ೨೦೧೭ರ ಕಾಯಿದೆ, ಲಿಂಗಪರಿವರ್ತಿತರಿಗೆ ಸಂಬಂಧಿಸಿದ ೨೦೧೯ರ ಕಾಯಿದೆ—ಇವೆರಡೂ ಮನೆಯನ್ನು ಕೊಳ್ಳುವ, ಬಾಡಿಗೆಗೆ ಪಡೆಯುವ, ಅದರಲ್ಲಿ ವಾಸಿಸುವ ಹಕ್ಕಿನ ವಿಷಯದಲ್ಲಿ ಅವರಿಗೆ ಭೇದವೆಣಿಸಬಾರದೆಂದು ಸ್ಪಷ್ಟವಾಗಿ ಹೇಳುತ್ತವೆ. ಧರ್ಮದ ಕಾರಣದಿಂದ, ಆಹಾರದ ಕಾರಣದಿಂದ, ಒಂಟಿ ಹೆಂಗಸೆಂಬ ಕಾರಣದಿಂದ ಮನೆ ಸಿಗದವರಿಗೆ ಮಾತ್ರ ಇಂಥ ನೇರ ಆಸರೆಯಿಲ್ಲ. ೨೦೦೫ರಲ್ಲಿ, ಸದಸ್ಯತ್ವವನ್ನು ಪಾರಸಿಗಳಿಗೆ ಮಾತ್ರ ಮೀಸಲಿಟ್ಟ ಅಹಮದಾಬಾದಿನ ಗೃಹನಿರ್ಮಾಣ ಸಹಕಾರ ಸಂಘವೊಂದರ ಉಪನಿಯಮವನ್ನು ಸುಪ್ರೀಂ ಕೋರ್ಟು ಊರ್ಜಿತವೆಂದಿತು. ೨೦೧೫ರಲ್ಲಿ ಅರ್ಥಶಾಸ್ತ್ರಜ್ಞ ಸುಖದೇವ್ ಥೋರಟ್ ಮತ್ತು ಸಂಗಡಿಗರು ದೆಹಲಿಯಲ್ಲಿಯೂ ಅದರ ಸುತ್ತಣ ನಗರಗಳಲ್ಲಿಯೂ ನಡೆಸಿದ ಅಧ್ಯಯನವನ್ನು ಪ್ರಕಟಿಸಿದರು. ಒಂದೇ ಮನೆಯನ್ನು ಬೇರೆ ಬೇರೆ ಹೆಸರಿನವರು ಬಾಡಿಗೆಗೆ ಕೇಳಿದರು. ಮೇಲ್ಜಾತಿಯ ಹೆಸರಿಗೆ ಬಾಗಿಲು ಸಲೀಸಾಗಿ ತೆರೆಯಿತು; ದಲಿತ ಹೆಸರಿಗೆ ಅಷ್ಟು ತೆರೆಯಲಿಲ್ಲ; ಮುಸ್ಲಿಂ ಹೆಸರಿಗೆ ಇನ್ನೂ ಕಡಿಮೆ. ಆ ಅಧ್ಯಯನ ಓದಿದಾಗ ನನಗೆ ಕಂಡದ್ದು ದೆಹಲಿಯಲ್ಲ, ನನ್ನ ಪಕ್ಕದ ಮನೆಯ ಬೀಗ.

ಕಡಲಾಚೆಯ ಒಂದು ಪಾಠ

ಈ ರೋಗ ನಮಗೊಬ್ಬರಿಗೇ ಅಂಟಿದ್ದಲ್ಲ. ಅಮೆರಿಕದಲ್ಲಿ ಮನೆ ನಿವೇಶನಗಳ ಏಜೆಂಟರ ರಾಷ್ಟ್ರೀಯ ಸಂಘವು ೧೯೨೪ರ ತನ್ನ ನೀತಿ ಸಂಹಿತೆಯಲ್ಲಿಯೇ ಒಂದು ನಿಯಮ ಸೇರಿಸಿತ್ತು: ಯಾರ ಬರವಿನಿಂದ ಆಸುಪಾಸಿನ ಆಸ್ತಿಗಳ ಬೆಲೆ ಕುಗ್ಗುವುದೆಂದು ತೋರುವುದೋ ಅಂಥ ಜನಾಂಗದವರನ್ನು ಆ ಬೀದಿಗೆ ತರಲು ಏಜೆಂಟನು ಕಾರಣನಾಗಬಾರದು! ಭೇದ ಮಾಡುವುದು ತಪ್ಪೆಂದಲ್ಲ, ಭೇದ ಮಾಡದಿರುವುದೇ ವೃತ್ತಿದ್ರೋಹವೆಂದು ಅಂದಿನ ನೀತಿ. ವೃತ್ತಿಯವರೆಲ್ಲ ಕೂಡಿ ಒಪ್ಪಿದ ಮಾತ್ರಕ್ಕೆ ಅದು ಧರ್ಮವಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

೧೯೬೮ರ ಏಪ್ರಿಲ್ ೪ರಂದು ಮಾರ್ಟಿನ್ ಲೂಥರ್ ಕಿಂಗ್ ಅವರ ಕೊಲೆಯಾಯಿತು. ಒಂದು ವಾರದ ಬಳಿಕ, ಏಪ್ರಿಲ್ ೧೧ರಂದು, ಅಧ್ಯಕ್ಷ ಲಿಂಡನ್ ಜಾನ್ಸನ್ ಅವರು ನ್ಯಾಯಯುತ ವಸತಿಯ ಕಾಯಿದೆಗೆ ಸಹಿ ಹಾಕಿದರು. ಜನಾಂಗ, ಬಣ್ಣ, ಧರ್ಮ, ಮೂಲದೇಶಗಳ ಕಾರಣದಿಂದ ಮನೆ ನಿರಾಕರಿಸುವುದು ನಿಷಿದ್ಧವಾಯಿತು. ೧೯೭೪ರಲ್ಲಿ ಸ್ತ್ರೀಪುರುಷ ಭೇದವೂ, ೧೯೮೮ರಲ್ಲಿ ಅಂಗವೈಕಲ್ಯವೂ ಮಕ್ಕಳೊಂದಿಗರೆಂಬ ಕಾರಣವೂ ಆ ಪಟ್ಟಿಗೆ ಸೇರಿದವು. “ಖಾಲಿಯಿರುವ ಮನೆಯನ್ನು ಖಾಲಿಯಿಲ್ಲ ಎನ್ನುವುದು” ಆ ಕಾಯಿದೆಯಲ್ಲಿ ಪ್ರತ್ಯೇಕವಾಗಿಯೇ ಹೇಳಿರುವ ಅಪರಾಧ. “ನಿಮ್ಮಂಥವರಿಗೆ ಆ ಬೀದಿ ಒಳ್ಳೆಯದು” ಎಂದು ಗಿರಾಕಿಯನ್ನು ಉಪಾಯವಾಗಿ ಬೇರೆಡೆಗೆ ತಿರುಗಿಸುವುದೂ ಅಪರಾಧವೇ. ನಮ್ಮ ದಲ್ಲಾಳಿಗಳು ಇದನ್ನು ಉಪಕಾರವೆಂದೇ ತಿಳಿದಿದ್ದಾರೆ.

ಕಾಯಿದೆ ಬಂದೊಡನೆ ಮನಸ್ಸು ಬದಲಾಯಿತೆನ್ನಲಾಗದು. ನ್ಯೂಯಾರ್ಕ್ ಬಳಿಯ ಲಾಂಗ್ ಐಲೆಂಡಿನಲ್ಲಿ ‘ನ್ಯೂಸ್‌ಡೇ’ ಪತ್ರಿಕೆ ಗುಟ್ಟಾಗಿ ಪರೀಕ್ಷಕರನ್ನು ಕಳುಹಿಸಿ ಏಜೆಂಟರ ನಡವಳಿಕೆಯನ್ನು ಪರೀಕ್ಷಿಸಿತು. ೨೦೧೯ರಲ್ಲಿ ಅದು ಪ್ರಕಟಿಸಿದ ವರದಿಯ ಪ್ರಕಾರ ಕಪ್ಪು ವರ್ಣದ ಪರೀಕ್ಷಕರಿಗೆ ನೂರಕ್ಕೆ ೪೯ ಸಲ, ಏಷ್ಯಾದವರಿಗೆ ನೂರಕ್ಕೆ ೧೯ ಸಲ ಅಸಮಾನ ಉಪಚಾರ ನಡೆದಿತ್ತು. ಆ ಏಷ್ಯಾದವರಲ್ಲಿ ನಮ್ಮ ಮಕ್ಕಳೂ ಸೇರುತ್ತಾರೆಂಬುದನ್ನು ಮರೆಯಬಾರದು. ವರದಿಯ ಬಳಿಕ ನ್ಯೂಯಾರ್ಕ್ ರಾಜ್ಯ ಏಜೆಂಟರ ತರಬೇತಿಯ ನಿಯಮಗಳನ್ನು ಬಿಗಿಗೊಳಿಸಿತು. ೨೦೨೦ರಲ್ಲಿ ಆ ರಾಷ್ಟ್ರೀಯ ಸಂಘ ತನ್ನ ಹಳೆಯ ನಡೆಗಾಗಿ ಬಹಿರಂಗವಾಗಿ ಕ್ಷಮೆ ಕೋರಿತು. ಕಾಯಿದೆ ಬಂದು ಐವತ್ತು ವರ್ಷವಾದರೂ ಪಾಠ ಮುಗಿದಿಲ್ಲ; ಅಲ್ಲಿ ಪಾಠವಾದರೂ ನಡೆಯುತ್ತಿದೆ ಎಂಬುದೇ ನಮಗೂ ಅವರಿಗೂ ಇರುವ ಅಂತರ.

ದಲ್ಲಾಳಿಗೊಂದು ಪಾಠಶಾಲೆ

ನಮ್ಮ ನೆರೆಯಲ್ಲಿಯೇ ಒಂದು ಹೆಜ್ಜೆ ಬಿದ್ದಿದೆ. ಮಹಾರಾಷ್ಟ್ರದ ರೇರಾ ಪ್ರಾಧಿಕಾರ, ಏಜೆಂಟರು ತರಬೇತಿ ಪಡೆದು ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕೆಂದು ೨೦೨೩ರ ಜನವರಿಯಲ್ಲಿ ಆದೇಶಿಸಿತು. ಅದೇ ವರ್ಷದ ಮೇ ತಿಂಗಳಲ್ಲಿ ಮೊದಲ ಪರೀಕ್ಷೆಯೂ ನಡೆಯಿತು. ಮೂಲ ಕಾಯಿದೆ ಕೇಳುವುದು ನೋಂದಣಿಯನ್ನು ಮಾತ್ರ, ಪರೀಕ್ಷೆಯನ್ನಲ್ಲ. ಆದರೂ ಒಂದು ರಾಜ್ಯ ಮನಸ್ಸು ಮಾಡಿದರೆ ಆಗುತ್ತದೆಂಬುದು ಇದರಿಂದ ಸಿದ್ಧವಾಯಿತು.

ನಮ್ಮ ತಾಲ್ಲೂಕುಗಳಿಗೂ ಇಂಥದೊಂದು ಪಾಠಶಾಲೆ ಬೇಕು. ಮೂರೇ ದಿನ ಸಾಕು. ಕಾಲೇಜಿನ ಒಂದು ಕೊಠಡಿ ಸಾಕು. ಪಠ್ಯವನ್ನು ಹೀಗೆ ಇಟ್ಟುಕೊಳ್ಳಬಹುದೆಂದು ನನ್ನ ಸೂಚನೆ.

ಮೊದಲನೆಯ ದಿನ ಕಾಗದಗಳ ಪಾಠ. ಪಹಣಿಯನ್ನು ಓದುವುದು ಹೇಗೆ, ಋಣಭಾರ ಪತ್ರ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ, ಮಂಜೂರಾದ ಜಮೀನನ್ನು ಗುರುತಿಸುವುದು ಹೇಗೆ, ಭೂಪರಿವರ್ತನೆಯ ಆದೇಶ ನಿಜವೆಂದು ತಿಳಿಯುವುದೆಲ್ಲಿ. ಅನುಭವಿ ಪತ್ರ ಬರಹಗಾರರೊಬ್ಬರೂ ಕಂದಾಯ ಇಲಾಖೆಯ ನಿವೃತ್ತರೊಬ್ಬರೂ ಇದನ್ನು ಚೆನ್ನಾಗಿ ಕಲಿಸಬಲ್ಲರು.

ಎರಡನೆಯ ದಿನ ಹಣದ ಪಾಠ. ಮಾರುವವನಿಂದ ಶೇಕಡ ಒಂದೆರಡು, ಕೊಳ್ಳುವವನಿಂದಲೂ ಅಷ್ಟೇ ಪಡೆಯುವುದು ವಾಡಿಕೆ. ಎರಡು ಕಡೆಯಿಂದಲೂ ಪಡೆಯುತ್ತಿದ್ದೇನೆಂದು ಇಬ್ಬರಿಗೂ ಹೇಳಿದರೆ ಅದು ಸಂಭಾವನೆ. ಒಬ್ಬರಿಂದ ಮುಚ್ಚಿಟ್ಟರೆ ಅದು ಮೋಸ. ಮುಂಗಡದ ಹಣಕ್ಕೆ ರಸೀದಿ, ಮಾತುಕತೆಗೆ ಲಿಖಿತ ಕರಾರು, ಒಂದು ನಿವೇಶನಕ್ಕೆ ಒಬ್ಬನೇ ಗಿರಾಕಿ—ಇಷ್ಟು ಕಲಿತರೆ ಅರ್ಧ ವ್ಯಾಜ್ಯಗಳು ಹುಟ್ಟುವುದೇ ಇಲ್ಲ.

ಮೂರನೆಯ ದಿನ ಬಾಗಿಲಿನ ಪಾಠ. ಇದನ್ನು ಉಪನ್ಯಾಸದಿಂದ ಕಲಿಸಲಾಗದು. ಸಂದರ್ಭಗಳನ್ನು ಮುಂದಿಟ್ಟು ಮಾತನಾಡಿಸಬೇಕು. ಯಜಮಾನರು “ಇಂಥ ಜನಕ್ಕೆ ಬೇಡ” ಎಂದರೆ ನೀವೇನು ಹೇಳುತ್ತೀರಿ? “ಯಜಮಾನರೇ, ಹೀಗೆ ಹೇಳುವುದು ಕಾನೂನಿಗೆ ವಿರುದ್ಧ, ನನ್ನ ಬಾಯಲ್ಲಿ ಅದನ್ನು ಆಡಿಸಬೇಡಿ. ಬಾಡಿಗೆ ಕೊಡಬಲ್ಲರೆ, ಮನೆ ಚೊಕ್ಕಟವಾಗಿ ಇಟ್ಟುಕೊಳ್ಳುತ್ತಾರೆಯೆ ಎಂದು ವಿಚಾರಿಸಿ ತರುವುದು ನನ್ನ ಹೊಣೆ” ಎಂಬ ಎರಡು ಮಾತನ್ನು ಅಭ್ಯಾಸ ಮಾಡಿಸಬೇಕು. ಸಸ್ಯಾಹಾರದ ಷರತ್ತು ಹಾಕಿದರೆ? ಅದನ್ನು ಬಂದವರೆಲ್ಲರಿಗೂ ಒಂದೇ ರೀತಿ ಮೊದಲೇ ತಿಳಿಸಬೇಕು. ಆ ನೆಪದಿಂದ ಜಾತಿ ಕೆದಕಬಾರದು. ತಾಲ್ಲೂಕು ಆಸ್ಪತ್ರೆಗೆ ಬಂದ ಒಂಟಿ ದಾದಿ ಮನೆ ಕೇಳಿದರೆ? “ಯಜಮಾನರೆಲ್ಲಿ?” ಎಂದು ಕೇಳುವ ಮೊದಲು, ರಾತ್ರಿ ಪಾಳಿ ಮುಗಿಸಿ ಬರುವಾಕೆಗೆ ಬೀದಿದೀಪವಿರುವ ದಾರಿ ಯಾವುದೆಂದು ತಿಳಿಸಬೇಕು. ಖಾಲಿಯಿರುವ ಮನೆಯನ್ನು ಖಾಲಿಯಿಲ್ಲವೆನ್ನುವುದು ಸುಳ್ಳು. ಸುಳ್ಳಿಗೆ ಕಮಿಷನ್ ಇಲ್ಲ.

ಇದರಿಂದ ದಲ್ಲಾಳಿಯ ಹೊಟ್ಟೆಯ ಮೇಲೆ ಹೊಡೆದಂತಾಗುವುದಿಲ್ಲವೆ ಎಂದು ಕೇಳಬಹುದು. ಒಬ್ಬನೇ ಹೀಗೆ ನಡೆದರೆ ಅವನಿಗೆ ನಷ್ಟವಾಗುವುದು ದಿಟ. ಬೀಗದ ಕೈ ಇನ್ನೊಬ್ಬನ ಜೇಬಿಗೆ ಹೋಗುತ್ತದೆ. ಅದಕ್ಕಾಗಿಯೇ ಎಲ್ಲರಿಗೂ ಒಂದೇ ಪಾಠ, ಒಂದೇ ನಿಯಮ ಬೇಕಾಗಿರುವುದು. ಆಗ “ನನ್ನ ಕೈಲಿಲ್ಲ ಯಜಮಾನರೇ, ನಿಯಮ ಹಾಗಿದೆ” ಎನ್ನುವ ಆಸರೆ ಒಳ್ಳೆಯ ದಲ್ಲಾಳಿಗೂ ಸಿಗುತ್ತದೆ.

ನಮ್ಮ ಪಾಲು

ಓದುಗರೇ, ಇಷ್ಟು ಹೊತ್ತು ದಲ್ಲಾಳಿಯನ್ನು ಕಟಕಟೆಯಲ್ಲಿ ನಿಲ್ಲಿಸಿದ್ದಾಯಿತು. ಅವನ ಹಿಂದೆ ನಿಂತವರು ಯಾರು? ಮಹಡಿ ಕಟ್ಟಿಸಿ ಕೆಳಗಿನ ಭಾಗವನ್ನು ಬಾಡಿಗೆಗೆ ಕೊಡುವ ನಾವು. “ಯಾರಾದರೂ ನಮ್ಮವರೇ ಇದ್ದರೆ ನೋಡಪ್ಪ” ಎಂದು ಮೆಲ್ಲನೆ ಹೇಳಿ ಕಳುಹಿಸುವ ನಮ್ಮ ಮನೆಯ ಹಿರಿಯರು. ನಾವು ಬಾಯಿಬಿಟ್ಟು ಹೇಳಲು ನಾಚುವ ಮಾತನ್ನು ಹೇಳುವುದಕ್ಕಾಗಿಯೇ ಅವನಿಗೆ ಒಂದು ತಿಂಗಳ ಬಾಡಿಗೆ ಕೊಡುತ್ತೇವೆಂದರೆ ತಪ್ಪಾಗಲಾರದು.

ಆದುದರಿಂದ ಮುಂದಿನ ಸಲ ದಲ್ಲಾಳಿ ಮನೆಗೆ ಬಂದಾಗ ಕೇಳುವ ಪ್ರಶ್ನೆಗಳನ್ನು ಬದಲಾಯಿಸೋಣ. ನಿವೇಶನ ಕೊಳ್ಳುವಾಗ ಅವನ ನೋಂದಣಿಯ ಸಂಖ್ಯೆ ಕೇಳೋಣ, ಬಡಾವಣೆಯ ನೋಂದಣಿ ಕೇಳೋಣ, ಪಹಣಿಯ ಹಳೆಯ ಪುಟಗಳನ್ನು ತಿರುವೋಣ. ಮನೆ ಬಾಡಿಗೆಗೆ ಕೊಡುವಾಗ ಬರುವವರ ಉದ್ಯೋಗ ಕೇಳೋಣ, ಹಿಂದಿನ ಮನೆಯ ಯಜಮಾನರ ಅಭಿಪ್ರಾಯ ಕೇಳೋಣ, ಅಲ್ಲಿಗೆ ನಿಲ್ಲಿಸೋಣ. ಮನೆ ಹುಡುಕುವಾಗ ಯಾರಾದರೂ “ತಾವು ಯಾವ ಜನ?” ಎಂದರೆ ಏನು ಹೇಳಬೇಕೆಂಬುದನ್ನು ನಾನು ತಡವಾಗಿ ಕಲಿತೆ. “ತಿಂಗಳ ಐದನೆಯ ತಾರೀಖಿನೊಳಗೆ ಬಾಡಿಗೆ ಕೊಡುವ ಜನ.”

ನನ್ನ ಮಿತ್ರರಿಗೆ ಕಡೆಗೂ ಮನೆ ಸಿಕ್ಕಿತು, ಮಧ್ಯವರ್ತಿಯ ನೆರವಿಲ್ಲದೆ. ವಿದ್ಯಾರ್ಥಿಯೊಬ್ಬ ತನ್ನ ಬೀದಿಯ ಅಜ್ಜಿಯೊಬ್ಬರ ಮನೆ ತೋರಿಸಿದ. ಆಕೆ ಕೇಳಿದ್ದು ಎರಡೇ ಪ್ರಶ್ನೆ: “ಬಾಡಿಗೆ ತಪ್ಪಿಸಲ್ಲ ತಾನೆ ಕಣಪ್ಪಾ? ಬೇಸಿಗೇಲಿ ನನ್ನ ಮಲ್ಲಿಗೆ ಬಳ್ಳಿಗೆ ಒಂದು ಕೊಡ ನೀರು ಹಾಕ್ತೀಯಾ?” ಮಗು ಈಗ ಆಕೆಯನ್ನೇ ಅಜ್ಜಿಯೆಂದು ಕರೆಯುತ್ತದೆ.

ಬೀಗದ ಕೈಗಳ ಒಡೆಯರಾದ ನಮ್ಮ ಮಧ್ಯವರ್ತಿ ಈಗಲೂ ಅದೇ ಮೇಜಿನಲ್ಲಿ ಕುಳಿತಿರುತ್ತಾರೆ. ಕಾಲೇಜಿಗೆ ಹೊಸಬರು ಬಂದಾಗ ನಾನೂ ಜೊತೆಗೆ ಹೋಗುತ್ತೇನೆ. ಮೊನ್ನೆ ಹೀಗೆಯೇ ಹೋದಾಗ ಅವರು ಅಭ್ಯಾಸಬಲದಿಂದ “ತಾವು ಯಾವ...” ಎಂದು ಆರಂಭಿಸಿದವರು ನನ್ನ ಮುಖ ನೋಡಿ ನಿಲ್ಲಿಸಿದರು. ಒಂದು ಗಳಿಗೆ ತಡೆದು, “...ಯಾವ ಸಬ್ಜೆಕ್ಟು ಸಾರ್?” ಎಂದು ಪೂರೈಸಿದರು.

ಮೂವರೂ ನಕ್ಕೆವು. ಆ ನಗೆಯಿಂದ ಲೋಕ ಬದಲಾಗಲಿಲ್ಲ. ಆದರೆ ಆ ದಿನ ಒಂದು ಬೀಗದ ಕೈ, ಆ ಪ್ರಶ್ನೆಯಿಲ್ಲದೆ, ಒಬ್ಬರ ಜೇಬಿನಿಂದ ಇನ್ನೊಬ್ಬರ ಕೈಗೆ ಬಂತು.